ಮೇಷ್ಟ್ರು ಬಿಟ್ಟರೆ ತಂಡವೂ ಬೀಳುತ್ತದೆಯೇ?

ಪ್ರಶ್ನೆ: ನಾನು ಕೊಡಗಿನ ಸುಂಟಿಕೊಪ್ಪದ ಕಡೆಯವನು, ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಹದಿನೈದು ವರ್ಷಗಳಿಂದ ನಮ್ಮ ಹುಡುಗರನ್ನು ತಯಾರು ಮಾಡುತ್ತಿದ್ದಾರೆ. ಒಂದು ರೂಪಾಯಿ ಸಂಭಾವನೆ ಪಡೆದವರಲ್ಲ. ಕಳೆದ ಏಳೆಂಟು ವರ್ಷಗಳಲ್ಲಿ ಜಿಲ್ಲೆಯೊಳಗೆ ನಮ್ಮನ್ನು ಸೋಲಿಸಿದವರು ಅಪರೂಪ. ಈಗ ಅವರಿಗೆ ಎಪ್ಪತ್ತು ಹತ್ತಿರ, ಮೊಣಕಾಲು ನೋವು ಬೇರೆ. ಮಳೆಗಾಲ ಮುಗಿಯುವುದರೊಳಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದಿದ್ದಾರೆ. ಕಮಿಟಿಯಲ್ಲಿ ಮೂರು ಅಭಿಪ್ರಾಯಗಳಿವೆ. ಅವರ ಶಿಷ್ಯನೇ ಆದ ನಮ್ಮ ಕ್ಯಾಪ್ಟನ್‌ಗೆ (ಮೂವತ್ತಮೂರು ವರ್ಷ, ಇನ್ನೂ ಆಡುತ್ತಿದ್ದಾನೆ) ವಹಿಸೋಣ ಎಂದು ಕೆಲವರು. ಕಣ್ಣೂರಿನಿಂದಲೋ ಬೆಂಗಳೂರಿನಿಂದಲೋ ಪರವಾನಗಿ ಪಡೆದ ಕೋಚ್ ತರಿಸೋಣ ಎಂದು ಕೆಲವರು. ಮೇಷ್ಟ್ರನ್ನೇ ಮಾರ್ಗದರ್ಶಕರನ್ನಾಗಿ ಉಳಿಸಿಕೊಳ್ಳೋಣ ಎಂದು ಉಳಿದವರು. ರಹೀಂ ಸಾಹೇಬರು ತೀರಿಕೊಂಡ ಮೇಲೆ ಭಾರತ ತಂಡ ಕುಸಿದಂತೆ ನಾವೂ ಕುಸಿಯುತ್ತೇವೆ ಎಂದು ಹಿರಿಯರೊಬ್ಬರು ಸಭೆಯಲ್ಲಿ ಹೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಈಗಿನ ತಂಡದಲ್ಲಿ ಆರು ಮಂದಿ ಮೂವತ್ತರ ಆಸುಪಾಸಿನವರು. ಮೇಷ್ಟ್ರ ಹೆಸರಿನಲ್ಲಿ ಒಂದು ಟೂರ್ನಿ ಆರಂಭಿಸುವ ಆಲೋಚನೆಯೂ ಇದೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಬೆರೆತುಕೊಂಡಿವೆ. ನೀವು ಬಾಯಿಬಿಟ್ಟು ಕೇಳಿರುವುದು ಮುಂದಿನ ಕೋಚ್ ಯಾರಾಗಬೇಕು ಎಂದು. ಒಳಗಿರುವ ಭಯ ಬೇರೆ. ಇಷ್ಟು ವರ್ಷ ಗೆದ್ದದ್ದು ನಮ್ಮ ಕ್ಲಬ್ಬಲ್ಲ, ಮೇಷ್ಟ್ರೊಬ್ಬರೇ, ಅವರು ಎದ್ದು ಹೋದರೆ ಇಲ್ಲಿ ಏನೂ ಉಳಿಯುವುದಿಲ್ಲ ಎಂಬ ಭಯ ಅದು. ಈ ಭಯವನ್ನು ಹಾಗೆಯೇ ಇಟ್ಟುಕೊಂಡು ಸಭೆ ಕುಳಿತರೆ ನೀವು ಯಾರನ್ನು ಆರಿಸಿದರೂ ಅದು ತಪ್ಪು ಆಯ್ಕೆಯಾಗಿಯೇ ಕಾಣುತ್ತದೆ. ಆದ್ದರಿಂದ ಆ ಹಿರಿಯರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ನಂಬಿಕೆ.

ನಿಜವಾದ ಅರ್ಧ ಇದು. ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನ ಶಾಲಾ ಶಿಕ್ಷಕರು. 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ, 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಮತ್ತು ಭಾರತ ತಂಡದ ಕೋಚ್. ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಪಡೆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ ನಾಲ್ಕನೆಯ ಸ್ಥಾನಕ್ಕೆ ಬಂದಿತು. ಆ ಪಂದ್ಯದಲ್ಲಿ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. 1960ರ ರೋಮ್‌ನಲ್ಲಿ ಫ್ರಾನ್ಸ್ ಜೊತೆ 1-1ರ ಸಮಬಲ. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಮತ್ತೆ ಚಿನ್ನ. ಮರುವರ್ಷ ಜೂನ್‌ನಲ್ಲಿ ರಹೀಂ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಅಂದಿನಿಂದ ನಮಗೆ ಸಿಕ್ಕಿಲ್ಲ. 1960ರ ನಂತರ ಒಲಿಂಪಿಕ್ಸ್‌ಗೆ ಅರ್ಹತೆಯೂ ದೊರೆತಿಲ್ಲ.

ಇನ್ನರ್ಧ, ಅಂದರೆ ಅವರು ಹೋದರು, ಮರುದಿನವೇ ತಂಡ ಬಿತ್ತು ಎಂಬುದು ಸರಿಯಲ್ಲ. ಅವರು ತೀರಿಕೊಂಡ ಮರುವರ್ಷವೇ, 1964ರಲ್ಲಿ, ಭಾರತ ಏಷ್ಯನ್ ಕಪ್‌ನಲ್ಲಿ ಎರಡನೆಯ ಸ್ಥಾನ ಪಡೆಯಿತು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡದ ನಾಯಕ ಸೈಯದ್ ನಯೀಮುದ್ದೀನ್ ಹೈದರಾಬಾದಿನವರೇ. ರಹೀಂ ಬೆಳೆಸಿದ ಪಿ.ಕೆ. ಬ್ಯಾನರ್ಜಿ ಮುಂದೆ ತಾವೇ ದೊಡ್ಡ ಕೋಚ್ ಆದರು. 1975ರ ಐಎಫ್‌ಎ ಶೀಲ್ಡ್ ಟೂರ್ನಿಯ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು 5-0ರಿಂದ ಸೋಲಿಸಿದ ಈಸ್ಟ್ ಬೆಂಗಾಲ್ ಅವರು ತಯಾರು ಮಾಡಿದ ತಂಡ. ಅಂದರೆ ಗುರುವಿನ ಕಸುವು ಅವರು ಹೋದ ಮೇಲೂ ಏಳೆಂಟು ವರ್ಷ ಕೆಲಸ ಮಾಡಿದೆ. ಅವರು ತಿದ್ದಿದ ಕಾಲುಗಳು ಆಡುತ್ತಿದ್ದಷ್ಟು ದಿನ ಆಟ ನಡೆಯಿತು. ಕೆಳಗಿನಿಂದ ಅಂಥ ಕಾಲುಗಳು ಬರುವುದು ಕಡಿಮೆಯಾದ ಮೇಲೆ ನಿಂತಿತು. ನಿಮ್ಮ ಕ್ಲಬ್ಬಿಗೆ ಬೇಕಾದ ಎಚ್ಚರಿಕೆ ಇದರಲ್ಲಿದೆ. ಮೇಷ್ಟ್ರು ಬಿಟ್ಟ ಮೊದಲ ವರ್ಷ ನೀವು ಗೆದ್ದರೂ ಗೆಲ್ಲಬಹುದು. ಆ ಗೆಲುವು ಏನನ್ನೂ ಸಾಬೀತು ಮಾಡುವುದಿಲ್ಲ.

ಹಾಗಾದರೆ ಭಾರತ ಹಿಂದೆ ಬಿದ್ದದ್ದೇಕೆ? ಜಪಾನನ್ನು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. 1962ರಲ್ಲಿ ನಾವು ಜಪಾನನ್ನು 2-0ರಿಂದ ಸೋಲಿಸಿದ್ದೆವು. ಆರೇ ವರ್ಷದಲ್ಲಿ, 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ, ಅದೇ ಜಪಾನ್ ಕಂಚು ಗೆದ್ದಿತು. ಅಲ್ಲಿಗೂ ಒಬ್ಬ ದೊಡ್ಡ ಕೋಚ್ ಬಂದಿದ್ದರು, 1960ರಲ್ಲಿ ಜರ್ಮನಿಯಿಂದ ಡೆಟ್ಮಾರ್ ಕ್ರಾಮರ್. ಆದರೆ ಅವರು ತಂಡವನ್ನು ತಿದ್ದಿ ಸುಮ್ಮನಾಗಲಿಲ್ಲ. ದೇಶಕ್ಕೊಂದು ಲೀಗ್ ಬೇಕು, ಕೋಚ್‌ಗಳಿಗೆ ತರಬೇತಿ ಬೇಕು ಎಂದು ಹಟ ಹಿಡಿದರು. 1965ರಲ್ಲಿ ಲೀಗ್ ಆರಂಭವಾಯಿತು. ನಮ್ಮಲ್ಲಿ ರಾಷ್ಟ್ರೀಯ ಲೀಗ್ ಬಂದದ್ದು 1996ರಲ್ಲಿ. ಹೊರಗೆ ಜಗತ್ತು 90 ನಿಮಿಷ ಆಡುತ್ತಿದ್ದಾಗ ನಮ್ಮ ದೇಶದೊಳಗಿನ ಪಂದ್ಯಗಳು ಎಪ್ಪತ್ತರ ದಶಕದವರೆಗೂ 70 ನಿಮಿಷದವು. ಉಳಿದ 20 ನಿಮಿಷಕ್ಕೆ ಬೇಕಾದ ದಮ್ಮು ಎಲ್ಲಿಂದ ಬರಬೇಕು? ರಹೀಂ ಅವರ ತಪ್ಪಲ್ಲ ಇದು. ಅವರಿಗೆ ತಂಡ ಕೊಟ್ಟವರು ಅವರ ಕೆಲಸವನ್ನು ಮುಂದಕ್ಕೆ ಒಯ್ಯುವ ವ್ಯವಸ್ಥೆಯನ್ನು ಕಟ್ಟಲಿಲ್ಲ. ಕಾರ್ಯದರ್ಶಿಯಾದ ನೀವು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಇದು ಕೋಚ್‌ನ ಪಾಲಿನ ಕೆಲಸವಲ್ಲ, ನಿಮ್ಮ ಪಾಲಿನದು.

ಇನ್ನೊಂದು ನಂಬಿಕೆ ನಮ್ಮ ಕಡೆ ಬಹಳ ಬೇರೂರಿದೆ. ಗೆಲ್ಲಿಸುವ ಕೋಚ್ ಎಂದರೆ ಗದರುವವರು, ಶಿಸ್ತಿನವರು, ಅವರ ಕಣ್ಣಿಗೆ ಹುಡುಗರು ನಡುಗಬೇಕು ಎಂಬುದು. ರಹೀಂ ಶಿಸ್ತಿನವರು ಹೌದು. ಆದರೆ ಗೆಲ್ಲಿಸಿದ್ದು ಅವರ ಪಾಠಕ್ರಮ. ಹೈದರಾಬಾದಿನಲ್ಲಿ ಅವರು ಮಕ್ಕಳಿಗಾಗಿ ನಡೆಸುತ್ತಿದ್ದ ಪುಟ್ಟ ಟೂರ್ನಿಗಳನ್ನು ನೋಡಿ. ಒಂದರಲ್ಲಿ ದುರ್ಬಲ ಕಾಲಿನಿಂದ ಮಾತ್ರ ಒದೆಯಬೇಕು. ಇನ್ನೊಂದರಲ್ಲಿ ಡ್ರಿಬಲ್ ಮಾಡುವಂತಿಲ್ಲ, ಚೆಂಡು ಬಂದೊಡನೆ ಪಾಸ್. ಮತ್ತೊಂದು ಇಂತಿಷ್ಟೇ ಎತ್ತರದವರಿಗೆ ಮೀಸಲು. ದೊಡ್ಡ ಹುಡುಗರು ತಳ್ಳಿ ಗೆಲ್ಲುವುದು ಅಲ್ಲಿ ನಡೆಯುವುದಿಲ್ಲ, ಸಣ್ಣವನು ಬುದ್ಧಿಯಿಂದ ಆಡಲೇಬೇಕು. ನಿಯಮವೇ ಪಾಠ ಹೇಳುತ್ತಿತ್ತು, ಕೋಚ್ ಕಿರುಚಬೇಕಾಗಿರಲಿಲ್ಲ.

ಇಂಥ ಕೆಲಸದ ಬೆಲೆ ಜಕಾರ್ತದಲ್ಲಿ ಕಂಡಿತು. ಡಿಫೆಂಡರ್ ಜರ್ನೈಲ್ ಸಿಂಗ್ ಅವರಿಗೆ ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ರಹೀಂ ಅವರನ್ನು ಹೊರಗೆ ಕೂರಿಸಲಿಲ್ಲ, ಫಾರ್ವರ್ಡ್ ಆಗಿ ಆಡಿಸಿದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನ ಮೊದಲ 20 ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಇನ್ನೊಂದು. 2-1ರಿಂದ ಪಂದ್ಯ ನಮ್ಮದಾಯಿತು. ಜರ್ನೈಲ್ ಕಾಲೇಜು ದಿನಗಳಲ್ಲಿ ಮುಂದೆ ಆಡಿದ್ದವರು. ಅದನ್ನು ನೆನಪಿಟ್ಟು, ಬೇಕಾದ ದಿನ ಬಳಸಿಕೊಳ್ಳುವಷ್ಟು ಹತ್ತಿರದಿಂದ ಆಟಗಾರರನ್ನು ಬಲ್ಲ ಕೋಚ್ ಇದ್ದರು. ಈಗ ಹೇಳಿ, ನಿಮ್ಮ ಹುಡುಗರ ಬಗ್ಗೆ ಇಂಥ ಸಂಗತಿಗಳು ಮೇಷ್ಟ್ರ ತಲೆಯಲ್ಲಿ ಎಷ್ಟಿವೆ? ಕಾಗದದ ಮೇಲೆ ಎಷ್ಟಿವೆ? ನಾನು ನೋಡಿದ ಹೆಚ್ಚಿನ ಕ್ಲಬ್ಬುಗಳಲ್ಲಿ ಕಾಗದದ ಮೇಲೆ ಇರುವುದು ಟ್ರೋಫಿಯ ಖರ್ಚು ಮತ್ತು ಊಟದ ಬಿಲ್ಲು.

ನಿಮ್ಮ ಮೂರು ದಾರಿಗಳಿಗೆ ಬರುತ್ತೇನೆ.

ಮೇಷ್ಟ್ರನ್ನೇ ಮಾರ್ಗದರ್ಶಕರಾಗಿ ಉಳಿಸಿಕೊಳ್ಳುವುದು ಕೇಳಲು ಎಲ್ಲಕ್ಕಿಂತ ಇಂಪಾಗಿದೆ, ಅಪಾಯವೂ ಅದರಲ್ಲೇ ಹೆಚ್ಚು. ಲಿವರ್‌ಪೂಲ್ ಕ್ಲಬ್ಬನ್ನು ಮೇಲೆತ್ತಿದ ಬಿಲ್ ಶ್ಯಾಂಕ್ಲಿ 1974ರಲ್ಲಿ ನಿವೃತ್ತರಾದ ಮೇಲೂ ತರಬೇತಿ ಮೈದಾನಕ್ಕೆ ಬರುತ್ತಿದ್ದರು. ಆಟಗಾರರು ಅವರನ್ನೇ ಬಾಸ್ ಎನ್ನುತ್ತಿದ್ದರು. ಹೊಸದಾಗಿ ಹೊಣೆ ಹೊತ್ತ ಬಾಬ್ ಪೇಸ್ಲಿಗೆ ಇದು ಮುಜುಗರವಾಯಿತು. ಕೊನೆಗೆ ಶ್ಯಾಂಕ್ಲಿ ನೊಂದುಕೊಂಡು ದೂರವಾದರು. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಒಂದು ಮೈದಾನದಲ್ಲಿ ಹುಡುಗರು ಇಬ್ಬರ ಮುಖ ನೋಡುವಂತಾದರೆ ಹೊಸಬರ ಮಾತಿಗೆ ತೂಕ ಬರುವುದೇ ಇಲ್ಲ. ನಿಮ್ಮ ಮೇಷ್ಟ್ರಿಗೆ ಗೌರವವೂ ಉಳಿಯಬೇಕು, ಕೆಲಸವೂ ಇರಬೇಕು ಎಂದಾದರೆ ಅವರಿಗೆ ಬೇರೆ ದಿನ, ಬೇರೆ ಮಕ್ಕಳನ್ನು ಕೊಡಿ. ಭಾನುವಾರ ಬೆಳಿಗ್ಗೆ ಹದಿಮೂರರ ಒಳಗಿನವರು, ಅಂಚಿನಲ್ಲಿ ಒಂದು ಕುರ್ಚಿ. ಮೊಣಕಾಲಿಗೂ ಅಷ್ಟೇ ಸಾಕು. ಹಿರಿಯರ ತಂಡದ ಆಯ್ಕೆಯಲ್ಲಿ ಅವರ ಅಭಿಪ್ರಾಯವನ್ನು ಯಾರೂ ಕೇಳಬಾರದು. ಕೇಳಿದರೆ ಹೇಳದೆ ಇರುವುದು ಅವರಂಥವರಿಗೆ ಸಾಧ್ಯವಿಲ್ಲ.

ಹೊರಗಿನ ಕೋಚ್ ತರುವುದು ತಪ್ಪಲ್ಲ. ಪರವಾನಗಿ ಪಡೆದವರಿಗೆ ವಾರದ ಯೋಜನೆ ಮಾಡುವುದು, ವಯಸ್ಸಿಗೆ ತಕ್ಕ ಅಭ್ಯಾಸ ಕೊಡುವುದು ತಿಳಿದಿರುತ್ತದೆ. ಆದರೆ ಕೊಡಗಿನಲ್ಲಿ ಇದರ ತೊಡಕು ಬೇರೆಯೇ. ಸಂಬಳ ಕೊಟ್ಟು ತಂದವರಿಂದ ಕಮಿಟಿ ಮೊದಲ ಬೇಸಿಗೆಯಲ್ಲೇ ಕಪ್ ನಿರೀಕ್ಷಿಸುತ್ತದೆ. ಅವರು ಅದಕ್ಕೆ ಸುಲಭದ ದಾರಿ ಹಿಡಿಯುತ್ತಾರೆ. ಗಡಿಯಾಚೆಯ ಕೇರಳದಿಂದ ಸೆವೆನ್ಸ್ (ಏಳೇಳು ಮಂದಿಯ ಫುಟ್‌ಬಾಲ್) ಆಡುವ ನಾಲ್ವರು ಅತಿಥಿ ಆಟಗಾರರನ್ನು ಕರೆತಂದು ಟೂರ್ನಿ ಗೆಲ್ಲಿಸುತ್ತಾರೆ. ನಿಮ್ಮೂರಿನ ಹುಡುಗರು, ಅದರಲ್ಲೂ ತೋಟದ ಕೆಲಸಗಾರರ ಲೈನ್ ಮನೆಗಳಿಂದ ನಡೆದು ಬರುವ ಮಕ್ಕಳು, ಬೌಂಡರಿಯಾಚೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಎರಡನೆಯ ವರ್ಷ ಕೋಚ್ ಹೆಚ್ಚಿನ ಸಂಬಳಕ್ಕೆ ಬೇರೆಡೆ ಹೋಗುತ್ತಾರೆ. ಕೈಯಲ್ಲಿ ಕಪ್ ಇರುತ್ತದೆ, ತಂಡ ಇರುವುದಿಲ್ಲ. ನಾನು ಇದನ್ನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಪ್ರತಿ ಬಾರಿಯೂ ಹೊಟ್ಟೆ ಉರಿಯುತ್ತದೆ.

ಹೊರಗಿನವರು ಬಂದಾಗ ಆಗುವ ಇನ್ನೊಂದು ನಷ್ಟಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಉದಾಹರಣೆ. ಅಲೆಕ್ಸ್ ಫರ್ಗ್ಯುಸನ್ 1986ರಿಂದ 2013ರವರೆಗೆ ಅಲ್ಲಿದ್ದು 13 ಬಾರಿ ಲೀಗ್ ಗೆಲ್ಲಿಸಿದರು. ಕೊನೆಯದು ಅವರು ಬಿಟ್ಟ ವರ್ಷವೇ. ಮುಂದಿನ ಋತುವಿನಲ್ಲಿ ಅದೇ ಕ್ಲಬ್ ಏಳನೆಯ ಸ್ಥಾನಕ್ಕೆ ಇಳಿಯಿತು, ಹೊಸ ಮ್ಯಾನೇಜರ್ ಡೇವಿಡ್ ಮೋಯೆಸ್ ಋತು ಮುಗಿಯುವ ಮೊದಲೇ ಕೆಲಸ ಕಳೆದುಕೊಂಡರು. ಮೋಯೆಸ್ ತಮ್ಮ ಸಹಾಯಕರನ್ನು ಕರೆತಂದಿದ್ದರು. ಫರ್ಗ್ಯುಸನ್ ಅವರ ಎರಡನೆಯ ಸಾಲಿನ ಕೋಚ್‌ಗಳು ಹೊರನಡೆದಿದ್ದರು. ದಿನನಿತ್ಯದ ಅಭ್ಯಾಸ ಹೇಗೆ ನಡೆಯುತ್ತಿತ್ತು ಎಂಬುದು ಅವರೊಂದಿಗೇ ಹೋಯಿತು. ಎಲ್ಲ ಹೊಣೆಯನ್ನೂ ಮೋಯೆಸ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಫರ್ಗ್ಯುಸನ್ ಬಿಟ್ಟುಹೋದ ತಂಡದ ಮುಖ್ಯ ಆಟಗಾರರಲ್ಲಿ ಹಲವರು ಮೂವತ್ತು ದಾಟಿದವರು. ಗಿಗ್ಸ್ ಅವರಿಗೆ ಆ ಋತುವಿನಲ್ಲೇ ನಲವತ್ತಾಯಿತು. ಕೊನೆಯ ಕಪ್ ಆ ವಯಸ್ಸನ್ನು ಮರೆಮಾಡಿತ್ತು. ನಿಮ್ಮಲ್ಲಿ ಆರು ಮಂದಿ ಮೂವತ್ತರ ಆಸುಪಾಸಿನವರು ಎಂದು ನೀವೇ ಬರೆದಿದ್ದೀರಿ. ಮೇಷ್ಟ್ರು ಇನ್ನೂ ಐದು ವರ್ಷ ಇದ್ದರೂ ಎರಡು ವರ್ಷದಲ್ಲಿ ನಿಮ್ಮ ಫಲಿತಾಂಶ ಇಳಿಯಲಿದೆ. ಆ ಇಳಿತ ಬಂದಾಗ ಹೊಸ ಕೋಚ್‌ನ ಮೇಲೆ ಹರಿಹಾಯಬೇಡಿ. ಇದನ್ನು ಈಗಲೇ ಸಭೆಯಲ್ಲಿ ಹೇಳಿ, ನಿರ್ಣಯ ಪುಸ್ತಕದಲ್ಲಿ ಬರೆಸಿಡಿ.

ಮೂರನೆಯದು ಶಿಷ್ಯನಿಗೆ ವಹಿಸುವುದು. ನನ್ನ ಒಲವು ಇದರ ಕಡೆಗೆ. ಶ್ಯಾಂಕ್ಲಿ ಹೋದ ಮೇಲೆ ಲಿವರ್‌ಪೂಲ್ ಹೊರಗಿನವರನ್ನು ಹುಡುಕಲಿಲ್ಲ. ಅವರ ಸಹಾಯಕ ಪೇಸ್ಲಿ ಒಂಬತ್ತು ಋತುಗಳಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್ ಗೆದ್ದರು. ಗುರುವಿಗಿಂತ ಹೆಚ್ಚು. ಪೇಸ್ಲಿಯ ನಂತರ ಅವರ ಜೊತೆಗಿದ್ದ ಜೋ ಫೇಗನ್ ಬಂದರು, 1984ರಲ್ಲಿ ಮತ್ತೆ ಯುರೋಪಿಯನ್ ಕಪ್. ಇದರ ಹಿಂದೆ ಇದ್ದದ್ದು ಆನ್‌ಫೀಲ್ಡ್ ಮೈದಾನದಲ್ಲಿ ಬೂಟು ಇಡುವ ಒಂದು ಚಿಕ್ಕ ಕೋಣೆ. ಕೋಚ್‌ಗಳು ಅಲ್ಲಿ ಕುಳಿತು ಆಟದ ಬಗ್ಗೆ ಮಾತನಾಡುತ್ತಿದ್ದರು. ಪ್ರತಿದಿನದ ಅಭ್ಯಾಸ, ಹವಾಮಾನ, ಯಾರಿಗೆ ಎಲ್ಲಿ ನೋವು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸೋತಾಗ ಹಿಂದಿನ ವರ್ಷದ ಪುಟ ತೆರೆದು ನೋಡುತ್ತಿದ್ದರು. ಗುರುವಿನ ಕೆಲಸ ಒಬ್ಬರ ತಲೆಯಿಂದ ಹೊರಬಂದು ನಾಲ್ಕಾರು ಜನರ ಕೈಗೆ ಸಿಕ್ಕಿತ್ತು.

ಶಿಷ್ಯನ ದಾರಿಯಲ್ಲೂ ಮುಳ್ಳಿದೆ. ನಿಮ್ಮ ಕ್ಯಾಪ್ಟನ್ ಇನ್ನೂ ಆಡುತ್ತಿದ್ದಾನೆ. ತನ್ನನ್ನೇ ಹನ್ನೊಂದರಲ್ಲಿ ಆರಿಸಿಕೊಂಡು, ಜೊತೆಗಾರ ಗೆಳೆಯನನ್ನು ಹೊರಗೆ ಕೂರಿಸುವುದು ಯಾರಿಗೂ ಸಲೀಸಲ್ಲ. ಅವನು ಆಟ ಬಿಡಲು ಸಿದ್ಧನೇ ಎಂದು ನೇರವಾಗಿ ಕೇಳಿ. ಸಿದ್ಧನಿಲ್ಲದಿದ್ದರೆ ಇನ್ನೊಂದು ವರ್ಷ ಆಡಲಿ, ಅಲ್ಲಿಯವರೆಗೆ ಅಷ್ಟೇನೂ ಪ್ರಸಿದ್ಧನಲ್ಲದ ಇನ್ನೊಬ್ಬ ಹಳೆಯ ಶಿಷ್ಯನನ್ನು ಹುಡುಕಿ. ಒಳ್ಳೆಯ ಆಟಗಾರರಿಗಿಂತ ಬೆಂಚಿನಲ್ಲಿ ಹೆಚ್ಚು ಕುಳಿತವರು ಆಟವನ್ನು ಚೆನ್ನಾಗಿ ನೋಡಿರುತ್ತಾರೆ ಎಂಬುದು ನನ್ನ ಅನುಭವ. ಶಿಷ್ಯರ ಇನ್ನೊಂದು ದೋಷವೆಂದರೆ ಗುರುವಿನ ಮಾತನ್ನು ಹೇಳುತ್ತಾರೆ, ಕಾರಣ ಗೊತ್ತಿರುವುದಿಲ್ಲ. ಅದಕ್ಕೆ ಮದ್ದಿದೆ. ಯಾರನ್ನೇ ಆರಿಸಿದರೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಡಿ ಪರವಾನಗಿ ತರಬೇತಿಗೆ ಕಳುಹಿಸಿ, ಖರ್ಚು ಕ್ಲಬ್ ಭರಿಸಲಿ. ಹೊರಗಿನ ಕೋಚ್‌ಗೆಂದು ತೆಗೆದಿಟ್ಟ ಹಣದ ಒಂದು ಪಾಲು ಅದಕ್ಕೆ ಸಾಕು. ಉಳಿದದ್ದರಲ್ಲಿ ದಸರಾ ಮತ್ತು ಬೇಸಿಗೆ ರಜೆಯಲ್ಲಿ ಹೊರಗಿನವರನ್ನು ಕೆಲವು ದಿನದ ಶಿಬಿರಕ್ಕೆ ಕರೆಸಿ. ಆಗ ಎರಡರ ಲಾಭವೂ ಸಿಗುತ್ತದೆ.

ಒಬ್ಬನನ್ನಲ್ಲ, ಮೂವರನ್ನು ಆರಿಸಿ ಎಂದೂ ಹೇಳುತ್ತೇನೆ. ಒಬ್ಬ ಹಿರಿಯರ ತಂಡಕ್ಕೆ, ಒಬ್ಬ ಕಿರಿಯರಿಗೆ, ಒಬ್ಬ ಗೋಲ್‌ಕೀಪರ್‌ಗಳಿಗೆ. ಇದಕ್ಕೆ ಯುರೋಪಿನವರೆಗೆ ಹೋಗಬೇಕಿಲ್ಲ, ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ನಮ್ಮ ಕೌಟುಂಬಿಕ ಹಾಕಿಯನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದಾಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ ಹೆಸರು ಕೊಟ್ಟದ್ದು 360 ತಂಡಗಳು. ನಡುವೆ ಮಳೆ, ಭೂಕುಸಿತ, ಕೋವಿಡ್‌ನಿಂದ ನಾಲ್ಕು ವರ್ಷ ನಿಂತುಹೋಗಿದ್ದ ಹಬ್ಬ 2023ರಲ್ಲಿ ಮತ್ತೆ ಎದ್ದು ನಿಂತಿತು. ಆರಂಭಿಸಿದವರ ಹಿರಿಮೆ ದೊಡ್ಡದು, ಆದರೆ ಹಬ್ಬವನ್ನು ಬದುಕಿಸಿದ್ದು ವರ್ಷಕ್ಕೊಂದು ಕುಟುಂಬ ಹೊಣೆ ಹೊರುವ ಪದ್ಧತಿ. ಪ್ರತಿ ವರ್ಷ ಮೈದಾನ ಸಿದ್ಧಪಡಿಸುವುದನ್ನು, ಡ್ರಾ ತಯಾರಿಸುವುದನ್ನು, ಸಾವಿರಾರು ಜನರಿಗೆ ಊಟ ಹಾಕುವುದನ್ನು ಹೊಸಬರು ಕಲಿಯಬೇಕಾಗುತ್ತದೆ. ಹಾಗಾಗಿ ಬಲ್ಲವರ ಸಂಖ್ಯೆ ವರ್ಷವರ್ಷ ಬೆಳೆಯಿತು. ಫುಟ್‌ಬಾಲ್ ಈ ಜಿಲ್ಲೆಯಲ್ಲಿ ಹಾಕಿಯ ನೆರಳಿನಲ್ಲಿ ಬೆಳೆದ ಆಟ ಎಂದು ಕೊರಗುವವರಿದ್ದಾರೆ. ಆ ನೆರಳಿನಿಂದ ಕಲಿಯುವುದು ಇದೆ.

ಈಗ ಈ ವಾರವೇ ಆಗಬೇಕಾದ ಕೆಲಸ. ಮೇಷ್ಟ್ರು ಇನ್ನೂ ಮೈದಾನಕ್ಕೆ ಬರುತ್ತಿದ್ದಾರೆ. ಅವರು ಬಿಡುವುದರೊಳಗೆ ಅವರ ಪಕ್ಕದಲ್ಲಿ ಒಬ್ಬ ನೋಟ್‌ಬುಕ್ ಹಿಡಿದು ನಿಲ್ಲಲಿ. ನಿಮ್ಮ ಸಾಧನೆಗಳೇನು ಎಂದು ಕೇಳಿದರೆ ಅವರು ನಾಚಿಕೊಂಡು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಕೇಳಬೇಕಾದದ್ದು ಸಣ್ಣ ಪ್ರಶ್ನೆಗಳನ್ನು. ಜುಲೈಯಲ್ಲಿ ಮೈದಾನದಲ್ಲಿ ಕಣಕಾಲು ಮುಳುಗುವ ನೀರು ನಿಂತಾಗ ಏನು ಮಾಡಿಸುತ್ತೀರಿ? ಪರಿಚಯದ ತೋಟದ ಕಾಫಿ ಕಣಕ್ಕೆ ಕರೆದೊಯ್ಯುತ್ತೇನೆ ಎನ್ನಬಹುದು. ಮಳೆಗಾಲದಲ್ಲಿ ಕಣ ಖಾಲಿ, ಸಿಮೆಂಟಿನ ನೆಲ, ಒದ್ದೆ. ಅಲ್ಲಿ ಚೆಂಡು ಹುಲ್ಲಿನ ಮೇಲಿನಂತೆ ನಿಲ್ಲುವುದಿಲ್ಲ, ಜಾರಿ ಓಡುತ್ತದೆ. ಅಂಗಾಲಿನಿಂದ ಒತ್ತಿ ಹಿಡಿಯದಿದ್ದರೆ ಸೀದಾ ಕಾಫಿ ಗಿಡದ ಬುಡಕ್ಕೆ. ಐದೈದು ಮಂದಿ, ಒಬ್ಬೊಬ್ಬರಿಗೆ ಎರಡೇ ಟಚ್. ಮೂರು ತಿಂಗಳು ಹೀಗೆ ಆಡಿದ ಹುಡುಗ ಅಕ್ಟೋಬರ್‌ನಲ್ಲಿ ಮೈದಾನಕ್ಕೆ ಇಳಿದಾಗ ಚೆಂಡು ಅವನ ಕಾಲಿಗೆ ಅಂಟಿಕೊಂಡಂತೆ ಇರುತ್ತದೆ. ನೋಡುವವರು ದೇವರು ಕೊಟ್ಟ ವರ ಎನ್ನುತ್ತಾರೆ. ಅದು ವರವಲ್ಲ, ಕಣ. ಇಂಥದ್ದನ್ನು ಬರೆದುಕೊಳ್ಳಬೇಕು. ಎಷ್ಟು ಹೊತ್ತು, ಎಷ್ಟು ಮಂದಿ, ಬಿದ್ದವನ ಮಂಡಿ ತರಚಿದರೆ ಏನು ಮಾಡುತ್ತಾರೆ, ಯಾವ ತಪ್ಪಿಗೆ ಆಟ ನಿಲ್ಲಿಸುತ್ತಾರೆ, ಯಾವುದನ್ನು ನೋಡಿಯೂ ಬಿಟ್ಟುಬಿಡುತ್ತಾರೆ. ಕೊನೆಯದು ಬಹಳ ಮುಖ್ಯ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆಯ ಕೆಲಸಕ್ಕೆ ನಿಂತ ಹುಡುಗರನ್ನು ಹೇಗೆ ಕಳೆದುಕೊಳ್ಳದೆ ಉಳಿಸಿಕೊಂಡರು, ಯಾವ ಮನೆಗೆ ಹೋಗಿ ಅಪ್ಪನ ಬಳಿ ಮಾತನಾಡಬೇಕು, ಯಾವ ಮನೆಯಲ್ಲಿ ಅಮ್ಮನ ಬಳಿ, ಇವೂ ಪುಸ್ತಕಕ್ಕೆ ಬರಲಿ. ಅವುಗಳಲ್ಲಿ ಯಾರಿಗೂ ತೋರಿಸಬಾರದ ಮನೆಯ ವಿಷಯಗಳಿದ್ದರೆ ಅದನ್ನು ಹೊಸ ಕೋಚ್‌ಗೆ ಬಾಯಲ್ಲಿ ಹೇಳಲಿ, ಬರೆಯುವುದು ಬೇಡ.

ಮುಂದಿನ ಎರಡು ವರ್ಷ ಕಮಿಟಿ ಎಣಿಸಬೇಕಾದದ್ದು ಕಪ್‌ಗಳನ್ನಲ್ಲ. ಜೂನ್‌ನಲ್ಲಿ ಬಂದ ಹದಿನಾಲ್ಕರ ಒಳಗಿನ ಮಕ್ಕಳಲ್ಲಿ ಎಷ್ಟು ಮಂದಿ ಫೆಬ್ರವರಿಯಲ್ಲೂ ಬರುತ್ತಿದ್ದಾರೆ ಎಂಬುದನ್ನು ಎಣಿಸಿ. ಹಿರಿಯರ ತಂಡಕ್ಕೆ ಪ್ರತಿ ವರ್ಷ ಇಪ್ಪತ್ತರ ಒಳಗಿನ ಇಬ್ಬರಾದರೂ ಬಂದರೇ ಎಂದು ನೋಡಿ. ಈ ಎರಡು ಸರಿ ಇದ್ದರೆ, ನಡುವೆ ಒಂದೆರಡು ಸೆಮಿಫೈನಲ್ ಸೋತರೂ ಹೊಸ ಕೋಚ್‌ನನ್ನು ಮುಟ್ಟಬೇಡಿ.

ಟೂರ್ನಿಯ ವಿಷಯ ಉಳಿಯಿತು. ಅವರು ಬದುಕಿರುವಾಗಲೇ ಮಾಡುವ ಆಲೋಚನೆ ನನಗೆ ತುಂಬ ಹಿಡಿಸಿತು. ಆದರೆ ದೊಡ್ಡ ಬಹುಮಾನದ, ಅತಿಥಿ ಆಟಗಾರರ ಟೂರ್ನಿ ಬೇಡ. ಅದರ ಹಣ ಹೊಂದಿಸುವುದರಲ್ಲೇ ಕಮಿಟಿ ಸವೆದುಹೋಗುತ್ತದೆ, ಗೆಲ್ಲುವವರು ಹೊರಗಿನವರೇ ಆಗಿರುತ್ತಾರೆ. ಹದಿಮೂರರ ಒಳಗಿನವರಿಗೆ, ಐದು ಮಂದಿಯ ತಂಡಗಳಿಗೆ, ರಹೀಂ ಅವರ ಮಾದರಿಯಲ್ಲಿ ಎತ್ತರದ ಮಿತಿ ಇಟ್ಟು ಒಂದು ದಿನದ ಟೂರ್ನಿ ಮಾಡಿ. ಒಂದು ಸುತ್ತು ಎಡಗಾಲಿನ ಆಟ ಇರಲಿ, ಎಡಗಾಲಿನವರಿಗೆ ಬಲಗಾಲು. ಸುತ್ತಲಿನ ಸರ್ಕಾರಿ ಶಾಲೆಗಳನ್ನು ಕರೆಯಿರಿ, ಪ್ರವೇಶ ಶುಲ್ಕ ಬೇಡ, ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಕ್ಲಬ್ ನೋಡಿಕೊಳ್ಳಲಿ. ಆಟದ ನಿಯಮಗಳನ್ನು ಮೇಷ್ಟ್ರೇ ಬರೆದುಕೊಡಲಿ. ಅವರ ಹೆಸರಿಡುವ ಮೊದಲು ಅವರನ್ನು ಕೇಳಿ, ಬೇಡ ಎಂದರೆ ಒತ್ತಾಯಿಸದೆ ಊರಿನ ಹೆಸರಿನಲ್ಲೇ ನಡೆಸಿ.